ಸ್ಕೂಲಲ್ಲಿ 14.6, ಕಾಲೇಜಲ್ಲಿ 15.3: ಹರ್ಡಲ್ಸ್ ಬಿಟ್ಬಿಡ್ಲಾ ಅಂತ ಕೇಳಿದ ಹುಡುಗಿಗೆ

ಪ್ರಶ್ನೆ: ನಮಸ್ತೆ ಮೇಡಂ, ನಂಗೆ 19 ವರ್ಷ, ಡಿಗ್ರಿ ಎರಡನೇ ವರ್ಷ ಓದ್ತಿದೀನಿ. 100 ಮೀಟರ್ ಹರ್ಡಲ್ಸ್ ಓಡ್ತೀನಿ. ಸ್ಕೂಲಲ್ಲಿದ್ದಾಗ 76 ಸೆಂ.ಮೀ. ಹರ್ಡಲ್ ಮೇಲೆ ನನ್ನ ಬೆಸ್ಟ್ 14.6 ಸೆಕೆಂಡ್ ಇತ್ತು. ಕಾಲೇಜಿಗೆ ಬಂದ್ಮೇಲೆ ಹರ್ಡಲ್ ಎತ್ತರ ಜಾಸ್ತಿ ಆಯ್ತು, ಈಗ 15.3ಕ್ಕಿಂತ ಕೆಳಗೆ ಬರ್ತಾನೇ ಇಲ್ಲ. ಐದನೇ ಹರ್ಡಲ್ ತನಕ ಚೆನ್ನಾಗೇ ಇರ್ತೀನಿ, ಆಮೇಲೆ ಹರ್ಡಲ್‌ಗಳ ಮಧ್ಯೆ ಮೂರು ಹೆಜ್ಜೆ ಸಾಕಾಗಲ್ಲ, ನಾಲ್ಕು ಆಗ್ಬಿಡತ್ತೆ. ಕೋಚ್ 400 ಹರ್ಡಲ್ಸ್‌ಗೆ ಹೋಗು ಅಂತಿದಾರೆ. ಮನೇಲಿ ಇದೆಲ್ಲಾ ಸಾಕು, ಓದಿನ ಕಡೆ ಗಮನ ಕೊಡು ಅಂತಾರೆ. ಕೆಲವು ಸಲ ವಿಪರೀತ ಸುಸ್ತು ಬೇರೆ, ಪೀರಿಯಡ್ಸೂ ಸರಿಯಾಗಿ ಆಗ್ತಿಲ್ಲ. ನನ್ನ ಕರಿಯರ್ ಇಷ್ಟೇನಾ?

ಉತ್ತರ: ನಿನ್ನ ವಯಸ್ಸಿನ ಹುಡುಗೀರ ಜೊತೆನೇ ಟ್ರ್ಯಾಕ್ ಮೇಲೆ ಇರೋಳು ನಾನು, ಅದಕ್ಕೆ ನೀನು ಅಂತಾನೇ ಬರೀತೀನಿ, ಬೇಜಾರ್ ಮಾಡ್ಕೋಬೇಡ ಕಣಮ್ಮ. ಮೊದಲು ನಿನ್ನ ಕೊನೇ ಪ್ರಶ್ನೆಗೆ ಉತ್ತರ ಹೇಳ್ಬಿಡ್ತೀನಿ. ಇಲ್ಲ, ಇಷ್ಟೇ ಅಲ್ಲ. 15.3 ಅನ್ನೋ ಒಂದು ನಂಬರ್ ಹಿಡ್ಕೊಂಡು ನೀನಾಗ್ಲಿ ನಿಮ್ಮ ಕೋಚ್ ಆಗ್ಲಿ ಮನೆಯವರಾಗ್ಲಿ ಏನೂ ತೀರ್ಮಾನ ಮಾಡೋಕೆ ಆಗಲ್ಲ. ಆ 15.3 ಒಳಗೆ ಟೈಮ್ ಎಲ್ಲಿ ಸೋರಿ ಹೋಗ್ತಿದೆ ಅಂತ ಬಿಡಿಸಿ ನೋಡಿದ್ರೆ ಮಾತ್ರ ಏನಾದ್ರೂ ಹೇಳ್ಬಹುದು. ಕಾಲೇಜಿಗೆ ಬಂದ ಮೊದಲ ಒಂದೆರಡು ಸೀಸನ್‌ನಲ್ಲಿ ಫಿನಿಶ್ ಟೈಮ್ ಮಾತ್ರ ನೋಡಿ ಹುಡುಗೀರ್ನ ಅಳೆಯೋದು ನಮ್ಮ ಆಟದಲ್ಲಿ ಆಗ್ತಿರೋ ದೊಡ್ಡ ಅನ್ಯಾಯ, ಎಷ್ಟೋ ಜನ ಒಳ್ಳೆ ಹರ್ಡಲರ್ಸ್ ಅಲ್ಲೇ ಕಳೆದುಹೋಗ್ತಾರೆ. ಸುಸ್ತು, ಪೀರಿಯಡ್ಸ್ ವಿಷ್ಯ ನೀನು ಕೊನೇಲಿ ಸಣ್ಣದಾಗಿ ಬರ್ದಿದೀಯ, ನನ್ ಪ್ರಕಾರ ಅದೇ ಎಲ್ಲಕ್ಕಿಂತ ಅರ್ಜೆಂಟ್, ಅದಕ್ಕೆ ಮುಂದೆ ಬರ್ತೀನಿ. ನೀನು ಮಾತ್ರ ಅಲ್ಲೀ ತನಕ ಕಾಯ್ದೆ ಈ ವಾರಾನೇ ಡಾಕ್ಟರ್ ಅಪಾಯಿಂಟ್ಮೆಂಟ್ ತಗೋ.

ಈಗ ಹರ್ಡಲ್‌ಗೆ ಬರೋಣ. ಹುಡುಗೀರಿಗೆ 18ರ ಒಳಗೆ 76.2 ಸೆಂ.ಮೀ., ಆಮೇಲೆ 83.8. ವ್ಯತ್ಯಾಸ 7.6 ಸೆಂ.ಮೀ. ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ ಇದನ್ನ ಗಮನಿಸು, ಎತ್ತರ ಮಾತ್ರ ಬದಲಾಯ್ತು, ಅಂತರ ಬದಲಾಗಲೇ ಇಲ್ಲ. ಸ್ಟಾರ್ಟಿಂದ ಮೊದಲ ಹರ್ಡಲ್‌ಗೆ 13 ಮೀಟರ್, ಮಧ್ಯೆ ಮಧ್ಯೆ 8.5 ಮೀಟರ್, ಹತ್ತನೇ ಹರ್ಡಲಿಂದ ಫಿನಿಶ್‌ಗೆ 10.5 ಮೀಟರ್, ಇದು ಸ್ಕೂಲಲ್ಲೂ ಅಷ್ಟೇ ಈಗಲೂ ಅಷ್ಟೇ. ಅಂದ್ರೆ ಅದೇ 8.5 ಮೀಟರ್ ಒಳಗೆ ನೀನೀಗ ಇನ್ನೂ ಮೇಲಕ್ಕೆ ಏಳ್ಬೇಕು, ಇಳೀಬೇಕು, ಮತ್ತೆ ಅದೇ ಮೂರು ಹೆಜ್ಜೆ ಇಡ್ಬೇಕು. ಚೆನ್ನಾಗಿ ಓಡೋರು ಹರ್ಡಲ್‌ಗೆ ಸುಮಾರು 2 ಮೀಟರ್ ಮುಂಚೆ ಕಾಲು ಕಿತ್ತು, ದಾಟಿ ಸುಮಾರು 1 ಮೀಟರ್ ಆಚೆ ಇಳೀತಾರೆ. ಮಿಕ್ಕಿದ್ದು ಐದೂವರೆ ಮೀಟರ್, ಅದರಲ್ಲಿ ಮೂರು ಹೆಜ್ಜೆ, ಒಂದೊಂದು 1.8 ಮೀಟರ್ ಆಸುಪಾಸು. ಹರ್ಡಲ್ ಇಲ್ಲದೆ ಫುಲ್ ಸ್ಪೀಡಲ್ಲಿ ಓಡ್ವಾಗ ಇದಕ್ಕಿಂತ ಉದ್ದ ಹೆಜ್ಜೆನೇ ಹಾಕ್ತೀಯ. ಹಾಗಾಗಿ ನಾಲ್ಕು ಹೆಜ್ಜೆ ಆಗ್ತಿರೋದು ಕಾಲು ಗಿಡ್ಡ ಅಂತ ಅಲ್ಲ, ಹರ್ಡಲ್ ಇಳಿದ ಮೇಲೆ ನಿನ್ನ ಹತ್ರ ವೇಗ ಉಳೀತಿಲ್ಲ ಅಂತ.

ಆ ವೇಗ ಹೋಗೋದು ಹೇಗೆ ಅಂದ್ರೆ, ಎತ್ತರ ಜಾಸ್ತಿ ಆದಾಗ ಮನಸ್ಸಿಗೆ ಗೊತ್ತಿಲ್ಲದ ಹಾಗೆ ಒಂದು ಹೆದರಿಕೆ ಬರತ್ತೆ, ಆ ಹೆದರಿಕೆಗೆ ಹರ್ಡಲ್ ಹತ್ರ ಬರ್ತಿದ್ದಂಗೆ ಕೊನೇ ಎರಡು ಹೆಜ್ಜೆ ತುಂಡು ತುಂಡಾಗತ್ತೆ, ತೀರಾ ಹತ್ರ ಹೋಗಿ ಕಾಲು ಕೀಳ್ತೀಯ, ಅಷ್ಟು ಹತ್ರದಿಂದ ದಾಟೋಕೆ ಮೇಲಕ್ಕೇ ಹಾರ್ಬೇಕಾಗತ್ತೆ, ಮುಂದಕ್ಕೆ ಹೋಗೋಕಾಗಲ್ಲ. ಮೇಲೆ ಹಾರಿದವಳು ಕೆಳಗೆ ಬಂದಾಗ ಹಿಮ್ಮಡಿ ಮೇಲೆ ಅಥವಾ ಪೂರ್ತಿ ಪಾದದ ಮೇಲೆ ದಪ್ ಅಂತ ಇಳೀತಾಳೆ, ಸೊಂಟ ಹಿಂದೆ ಉಳ್ಕೊಳತ್ತೆ. ಇದೊಂದು ಸಲ ಆದ್ರೆ ಗೊತ್ತೇ ಆಗಲ್ಲ. ಪ್ರತಿ ಹರ್ಡಲಲ್ಲೂ ಸ್ವಲ್ಪ ಸ್ವಲ್ಪ ವೇಗ ಕಟ್ ಆಗ್ತಾ ಆಗ್ತಾ ಐದನೇದು ಬರೋ ಹೊತ್ತಿಗೆ ಮೂರು ಹೆಜ್ಜೆಗೆ ಬೇಕಾದಷ್ಟು ವೇಗ ಇರಲ್ಲ, ಆರನೇದಕ್ಕೆ ನಾಲ್ಕು ಹೆಜ್ಜೆ, ಅಲ್ಲಿಗೆ ಲೀಡ್ ಕಾಲು, ಅಂದ್ರೆ ಹರ್ಡಲ್ ಮೇಲೆ ಮೊದಲು ಹೋಗೋ ಕಾಲು, ಬದಲಾಗ್ಬೇಕು, ಆ ಕಾಲಲ್ಲಿ ನಿಂಗೆ ಪ್ರಾಕ್ಟೀಸ್ ಇಲ್ಲ, ರಿದಮ್ ಪೂರ್ತಿ ಹೋಯ್ತು. ನೀನು ಐದನೇದ್ರ ನಂತರ ಕೆಡತ್ತೆ ಅಂತಿದೀಯ, ಕೆಟ್ಟಿರೋದು ಒಂದನೇ ಹರ್ಡಲಿಂದಾನೇ ಇರ್ಬಹುದು, ಕಣ್ಣಿಗೆ ಕಾಣೋದು ಮಾತ್ರ ಐದನೇದ್ರಲ್ಲಿ.

ಇದನ್ನ ಗೆಸ್ ಮಾಡೋ ಅಗತ್ಯ ಇಲ್ಲ, ಅಳೆಯಬಹುದು. ಫ್ರೆಂಡ್ ಒಬ್ಬಳಿಗೆ ಫೋನ್ ಕೊಟ್ಟು ಟ್ರ್ಯಾಕ್ ಪಕ್ಕದಲ್ಲಿ ಐದನೇ ಹರ್ಡಲ್ ನೇರಕ್ಕೆ ಸ್ವಲ್ಪ ದೂರ ನಿಲ್ಸು, ಹತ್ತು ಹರ್ಡಲೂ ಕಾಣೋ ಹಂಗೆ, ಸಾಧ್ಯ ಆದ್ರೆ ಗ್ಯಾಲರಿ ಮೇಲಿಂದ. ಸೆಕೆಂಡಿಗೆ 60 ಫ್ರೇಮ್ ಸೆಟ್ಟಿಂಗ್ ಇಡೋಕೆ ಹೇಳು. ಆಮೇಲೆ ಫ್ರೇಮ್ ಫ್ರೇಮ್ ಆಗಿ ನೋಡ್ತಾ, ಪ್ರತಿ ಹರ್ಡಲ್ ದಾಟಿದ ಮೇಲೆ ಲೀಡ್ ಕಾಲು ನೆಲ ಮುಟ್ಟೋ ಕ್ಷಣ ಬರ್ಕೋ. ಇದಕ್ಕೆ ಟಚ್‌ಡೌನ್ ಟೈಮ್ ಅಂತಾರೆ, ಹರ್ಡಲ್ಸ್ ಕೋಚಿಂಗ್ ಎಲ್ಲಾ ನಿಂತಿರೋದೇ ಇದರ ಮೇಲೆ. ವಿಶ್ವ ಮಟ್ಟದವರು ಮೊದಲ ಹರ್ಡಲ್ ಇಳಿಯೋದು ಸುಮಾರು 2.5 ಸೆಕೆಂಡಿಗೆ, ಆಮೇಲೆ ಒಂದು ಹರ್ಡಲಿಂದ ಇನ್ನೊಂದಕ್ಕೆ, ಅಂದ್ರೆ ಒಂದೊಂದು ಗ್ಯಾಪ್‌ಗೆ, ಒಂದೊಂದು ಸೆಕೆಂಡ್, ಅತೀ ವೇಗದ ಜಾಗದಲ್ಲಿ ಅದಕ್ಕಿಂತ ಚೂರು ಕಮ್ಮಿ.

ನಿನ್ನ 15.3ನ ಅಂದಾಜು ಬಿಡಿಸಿ ತೋರಿಸ್ತೀನಿ. ಮೊದಲ ಹರ್ಡಲ್ 2.75ಕ್ಕೆ ಇಳಿದೆ ಅಂದ್ಕೋ. ಐದನೇದ್ರ ತನಕ ನಾಲ್ಕು ಗ್ಯಾಪ್, ಒಂದೊಂದು 1.15, ಅಲ್ಲಿಗೆ 7.35. ಅಲ್ಲಿಂದ ಹತ್ತನೇದ್ರ ತನಕ ಐದು ಗ್ಯಾಪ್ ನಾಲ್ಕು ಹೆಜ್ಜೆ ಲೆಕ್ಕದಲ್ಲಿ ಒಂದೊಂದು 1.30, ಅಂದ್ರೆ 13.85. ಕೊನೇ ಓಟ 1.4. ಒಟ್ಟು 15.25. ಈಗ ಕೊನೇ ಐದು ಗ್ಯಾಪ್ ಮಾತ್ರ 1.20ಕ್ಕೆ ತಂದ್ರೆ? ಅರ್ಧ ಸೆಕೆಂಡ್ ಅಲ್ಲೇ ಉಳೀತು, 14.75. ಸ್ಟಾರ್ಟ್ ಬದಲಾಗಿಲ್ಲ, ಫ್ಲಾಟ್ ಸ್ಪೀಡ್, ಅಂದ್ರೆ ಹರ್ಡಲ್ ಇಲ್ಲದೆ ಓಡೋ ವೇಗ, ಹೆಚ್ಚಾಗಿಲ್ಲ. ಎತ್ತರದ ಹರ್ಡಲ್ ಮೇಲೆ ಹತ್ತೂ ಹರ್ಡಲ್ ಮೂರು ಹೆಜ್ಜೆಲಿ ಮುಗ್ಸೋದು ಕಲಿತ್ರೆ ಸ್ಕೂಲ್ ಟೈಮ್ ಹತ್ರ ಬಂದ್ಬಿಡ್ತೀಯ, ಅದೂ 7.6 ಸೆಂ.ಮೀ. ಜಾಸ್ತಿ ಎತ್ತರದಲ್ಲಿ. ನಿನ್ನ ನಿಜವಾದ ಸ್ಪ್ಲಿಟ್, ಅಂದ್ರೆ ಈ ಬಿಡಿ ಬಿಡಿ ಟೈಮ್, ಬೇರೆ ಇರ್ಬಹುದು, ಅದಕ್ಕೇ ವಿಡಿಯೋ ಮಾಡು ಅಂದಿದ್ದು.

ಪ್ರಾಕ್ಟೀಸ್ ವಿಷ್ಯಕ್ಕೆ ಬಂದ್ರೆ, ಪೂರ್ತಿ ಅಂತರ ಪೂರ್ತಿ ಎತ್ತರ ಇಟ್ಟು ಹತ್ತು ಹರ್ಡಲ್ ಮತ್ತೆ ಮತ್ತೆ ಓಡೋದನ್ನ ನಿಲ್ಲಿಸು. ನಾಲ್ಕು ಹೆಜ್ಜೆ ಅಭ್ಯಾಸ ಮಾಡ್ತಾ ಮಾಡ್ತಾ ನಾಲ್ಕು ಹೆಜ್ಜೆಲೇ ಪಕ್ಕಾ ಆಗ್ತೀಯ, ದೇಹ ಅದನ್ನೇ ಸರಿ ಅಂದ್ಕೊಳತ್ತೆ. ಬದಲಿಗೆ ಹರ್ಡಲ್‌ಗಳನ್ನ 60ರಿಂದ 80 ಸೆಂ.ಮೀ. ಹತ್ರ ತಾ, ಅಂದ್ರೆ 7.7 ಅಥವಾ 7.9 ಮೀಟರ್, ಎತ್ತರ 76ಕ್ಕೇ ಇಡು, ಮೂರು ಹರ್ಡಲ್, ಸ್ಟಾರ್ಟಿಂಗ್ ಬ್ಲಾಕಿಂದ, ಫುಲ್ ಸ್ಪೀಡ್. ಅಲ್ಲಿ ಕಾಲು ಬೇಗ ಬೇಗ ಬೀಳೋದನ್ನ ಕಲಿ. ಅದು ಸಲೀಸಾದ್ಮೇಲೆ ಐದು ಹರ್ಡಲ್. ಆಮೇಲೆ ಎತ್ತರ 84, ಅಂತರ ಹತ್ರದಲ್ಲೇ. ಕೊನೇಲಿ ಅಂತರ ಸ್ವಲ್ಪ ಸ್ವಲ್ಪ ಬಿಚ್ಚು. ಎತ್ತರ ಮತ್ತೆ ಅಂತರ ಎರಡನ್ನೂ ಒಂದೇ ದಿನ ಹೆಚ್ಚಿಸ್ಬೇಡ. ವಾರಕ್ಕೆ ಎರಡು ದಿನ ಹರ್ಡಲ್ ಸಾಕು, ಮಧ್ಯೆ ಸ್ಪ್ರಿಂಟ್, ವೇಟ್ಸ್, ರೆಸ್ಟ್. ಸುಸ್ತಾದ ಕಾಲಲ್ಲಿ ಹರ್ಡಲ್ ದಾಟಿದ್ರೆ ತಪ್ಪು ಕಲೀತೀಯ, ಮೇಲಿಂದ ಇಂಜುರಿ.

ಟೆಕ್ನಿಕ್‌ನಲ್ಲಿ ಒಂದೇ ಒಂದು ವಿಷ್ಯ ಹಿಡ್ಕೋ ಅಂದ್ರೆ ಲೀಡ್ ಕಾಲಿನ ಮಂಡಿ ಅಂತೀನಿ. ಪಾದ ಬೀಸ್ಬೇಡ, ಮಂಡಿ ಮೊದಲು ಮೇಲೆ ಬರ್ಲಿ, ಮಂಡಿ ಬಾರ್ (ಹರ್ಡಲಿನ ಮೇಲಿನ ಪಟ್ಟಿ) ಕಡೆ ನುಗ್ಗಿದ ಮೇಲೆ ಪಾದ ತಾನಾಗೇ ಬಿಚ್ಕೊಳತ್ತೆ. ನೇರ ಕಾಲು ಬೀಸಿದ್ರೆ ಸೊಂಟ ಹಿಂದಕ್ಕೆ ಹೋಗತ್ತೆ. ದಾಟಿದ ತಕ್ಷಣ ಆ ಕಾಲನ್ನ ಕೆಳಕ್ಕೆ ಒತ್ತು, ಅದಾಗೇ ಬೀಳೋಕೆ ಬಿಡ್ಬೇಡ. ಹಿಂದೆ ಬರೋ ಟ್ರೇಲ್ ಕಾಲಿನ ಮಂಡಿ ಕಂಕುಳ ಹತ್ರ ಬಂದು ಮುಂದಕ್ಕೆ ಹೊರಳಿ ಮೊದಲ ಹೆಜ್ಜೆ ಆಗ್ಬೇಕು, ಪಕ್ಕಕ್ಕೆ ಬಿದ್ರೆ ಆ ಮೊದಲ ಹೆಜ್ಜೆ ಗಿಡ್ಡ ಆಗತ್ತೆ, ಅಲ್ಲೇ ನಾಲ್ಕನೇ ಹೆಜ್ಜೆ ಹುಟ್ಕೊಳ್ಳೋದು. ಹರ್ಡಲ್ ತಾಗಿದ್ರೆ ತಾಗ್ಲಿ. ಬೇಕಂತಾನೇ ಬೀಳಿಸದೆ ಇದ್ರೆ, ಪಕ್ಕದವರಿಗೆ ಅಡ್ಡ ಆಗದೆ ಇದ್ರೆ, ಕಾಲು ಹರ್ಡಲ್ ಹೊರಗಿಂದ ಬಾರ್‌ಗಿಂತ ಕೆಳಗೆ ಹೋಗದೆ ಇದ್ರೆ ಡಿಸ್‌ಕ್ವಾಲಿಫೈ ಮಾಡಲ್ಲ. ತೊಡೆಗೆ, ಮಂಡಿಗೆ ಎರಡು ಗೆರೆ ಬಂದೇ ಬರತ್ತೆ, ಹೆದರಿ ಮೇಲಕ್ಕೆ ಹಾರೋದಕ್ಕಿಂತ ಸ್ವಲ್ಪ ಸವರ್ಕೊಂಡು ಹೋಗೋದೇ ವಾಸಿ.

ಈಗ ಕರಿಯರ್. ಕಾಲೇಜಲ್ಲಿ ಹರ್ಡಲ್ಸ್ ಕರಿಯರ್ ಹೇಗೆ ಬೆಳೆಯತ್ತೆ ಅನ್ನೋದಕ್ಕೆ ಅಮೆರಿಕದ ಕಾಲೇಜು ಅಥ್ಲೆಟಿಕ್ಸ್ ನೋಡೋದು ಒಳ್ಳೇದು, ಈಗ ವಿಶ್ವದ ಟಾಪ್ ಹುಡುಗೀರಲ್ಲಿ ತುಂಬಾ ಜನ ಆ ದಾರೀಲೇ ಬಂದಿರೋದು, ಬೇರೆ ದೇಶದವರೂ ಸೇರಿ. ಅಲ್ಲಿ ನಾಲ್ಕು ಸೀಸನ್ ಆಡೋ ಅವಕಾಶ, ಮಾರ್ಕ್ಸ್ ಕೆಳಗೆ ಬಂದ್ರೆ ಓಡೋಕೆ ಬಿಡಲ್ಲ. ಚಳಿಗಾಲದಲ್ಲಿ ಇಂಡೋರ್, ಐದೇ ಹರ್ಡಲ್ ಇರೋ 60 ಮೀಟರ್. ಬೇಸಿಗೆ ಕಡೆ ಔಟ್‌ಡೋರ್, ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಮೀಟ್, ಆಮೇಲೆ ಪೂರ್ವ ಪಶ್ಚಿಮ ಅಂತ ಎರಡು ಭಾಗ ಮಾಡಿ ಒಂದೊಂದು ಕಡೆ 48 ಹುಡುಗೀರು, ಅದರಲ್ಲಿ 12, 12 ಜನ ನ್ಯಾಷನಲ್ ಕಾಲೇಜು ಚಾಂಪಿಯನ್‌ಶಿಪ್‌ಗೆ. ಇಂಡೋರ್ 60 ಮೀಟರ್ ಹರ್ಡಲ್ಸಿಂದ ಆಗೋ ದೊಡ್ಡ ಉಪಯೋಗ ಏನಂದ್ರೆ ವರ್ಷದ ಅರ್ಧ ಭಾಗ ಅವರು ಮೊದಲ ಐದು ಹರ್ಡಲನ್ನೇ ತಿದ್ದಿ ತೀಡ್ತಾರೆ. ನಿಂಗೆ ಇಂಡೋರ್ ಟ್ರ್ಯಾಕ್ ಇಲ್ದೇ ಇರ್ಬಹುದು, ಐದು ಹರ್ಡಲಿನ ಟೈಮ್ ಟ್ರಯಲ್ ಯಾವ ಟ್ರ್ಯಾಕಲ್ಲಾದ್ರೂ ಮಾಡ್ಬಹುದು.

ಆ ವ್ಯವಸ್ಥೆಯಿಂದ ಬಂದವರ ದಾರಿ ಒಬ್ಬೊಬ್ಬರದೂ ಒಂದೊಂದು ಥರ. ಸಿಡ್ನಿ ಮೆಕ್‌ಲಾಫ್ಲಿನ್ ಕೆಂಟಕಿ ಯೂನಿವರ್ಸಿಟಿಲಿ ಇದ್ದಿದ್ದು ಒಂದೇ ವರ್ಷ, 2018ರಲ್ಲಿ 400 ಹರ್ಡಲ್ಸ್ 52.75 ಓಡಿ ಕಾಲೇಜು ರೆಕಾರ್ಡ್ ಮಾಡಿ, ಚಾಂಪಿಯನ್ ಆಗಿ, ಪ್ರೊಫೆಷನಲ್ ಆಗ್ಬಿಟ್ಟಳು, 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 50.37 ವಿಶ್ವದಾಖಲೆ. ಇಂಥವರನ್ನ ನೋಡಿ ನಿನ್ನ ಅಳ್ಕೋಬೇಡ, ಲಕ್ಷಕ್ಕೊಬ್ಬರು. ಅದೇ ಕೆಂಟಕಿಲಿ ಓಡಿದ ಕೆಂಡ್ರಾ ಹ್ಯಾರಿಸನ್ ಕಥೆ ನಿಂಗೆ ಜಾಸ್ತಿ ಹತ್ರ ಅನ್ಸತ್ತೆ. ಮೊದಲು ಕ್ಲೆಮ್ಸನ್ ಅನ್ನೋ ಬೇರೆ ಯೂನಿವರ್ಸಿಟಿಲಿದ್ದು ಆಮೇಲೆ ಇಲ್ಲಿಗೆ ಬಂದವಳು, 100 ಹರ್ಡಲ್ಸಲ್ಲಿ ಔಟ್‌ಡೋರ್ ಕಾಲೇಜು ಚಾಂಪಿಯನ್ ಆಗಿದ್ದು 2015ರಲ್ಲಿ, ಕಾಲೇಜಿನ ಕೊನೇ ವರ್ಷ. ಮಾರನೇ ವರ್ಷ ಅಮೆರಿಕದ ಒಲಿಂಪಿಕ್ ಟ್ರಯಲ್ಸಲ್ಲಿ ಆರನೇ ಸ್ಥಾನ, ರಿಯೋಗೆ ಟಿಕೆಟ್ ಇಲ್ಲ. ಎರಡೇ ವಾರ ಕಳೀತು, ಲಂಡನ್‌ನಲ್ಲಿ 12.20 ಓಡಿದಳು, 1988ರಿಂದ ಯಾರೂ ಮುಟ್ಟದೆ ಇದ್ದ ಯೋರ್ಡಾಂಕಾ ಡೊಂಕೋವಾ ಅವರ 12.21 ವಿಶ್ವದಾಖಲೆ ಮುರೀತು. ಆರನೇ ಸ್ಥಾನಕ್ಕೆ ಬಂದಾಗ ಅವಳ ಕಾಲಲ್ಲಿ ಆ ವೇಗ ಇರ್ಲಿಲ್ಲ ಅಂತೀಯಾ? ಇತ್ತು. ಆ ದಿನದ ಒಂದು ನಂಬರಲ್ಲಿ ಕಾಣ್ಲಿಲ್ಲ ಅಷ್ಟೇ.

ಜಾಸ್ಮಿನ್ ಕಮಾಚೊ ಕ್ವಿನ್ ಇನ್ನೊಂದು ಥರ. ಅವಳೂ ಕೆಂಟಕಿನೇ. ಮೊದಲ ವರ್ಷದಲ್ಲೇ, 2016ರಲ್ಲಿ, ಕಾಲೇಜು ಚಾಂಪಿಯನ್. ಪೋರ್ಟೊರಿಕೊ ಪರವಾಗಿ ರಿಯೋ ಒಲಿಂಪಿಕ್ಸಿಗೆ ಹೋಗಿ ಸೆಮಿಫೈನಲಲ್ಲಿ ಹರ್ಡಲ್ ಹೊಡೆದು ಡಿಸ್‌ಕ್ವಾಲಿಫೈ ಆದಳು, ಇಡೀ ಪ್ರಪಂಚದ ಮುಂದೆ ಟ್ರ್ಯಾಕ್ ಮೇಲೆ ಅತ್ತಳು. ವಾಪಸ್ ಕಾಲೇಜಿಗೆ ಬಂದು 2018ರಲ್ಲಿ ಮತ್ತೆ ಚಾಂಪಿಯನ್. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲಲ್ಲಿ 12.26, ಒಲಿಂಪಿಕ್ ದಾಖಲೆ, ಫೈನಲಲ್ಲಿ 12.37ಕ್ಕೆ ಚಿನ್ನ. ರಿಯೋದಿಂದ ಟೋಕಿಯೋಗೆ ಐದು ವರ್ಷ. ನೈಜೀರಿಯಾದ ಟೋಬಿ ಅಮುಸಾನ್ ಟೆಕ್ಸಸ್‌ನ ಎಲ್ ಪಾಸೋಲಿ ಓದ್ತಾ 2017ರಲ್ಲಿ ಕಾಲೇಜು ಚಾಂಪಿಯನ್ ಆದವಳು, 12.12 ವಿಶ್ವದಾಖಲೆ ಬಂದಿದ್ದು 2022ರಲ್ಲಿ. ಈ ಆಟ ಹುಡುಗೀರಿಗೆ 20ರ ಮಧ್ಯದಲ್ಲಿ, ಕೆಲವರಿಗೆ ಇನ್ನೂ ಆಮೇಲೆ ಹಣ್ಣಾಗೋದು. 19ಕ್ಕೆ ಮುಗೀತಾ ಅಂತ ಕೇಳ್ತಿದೀಯಲ್ಲ, ಅದಕ್ಕೇ ಇಷ್ಟೆಲ್ಲಾ ಹೇಳ್ದೆ.

ನಮ್ಮ ಭಾರತದ ಹರ್ಡಲರ್ ಜ್ಯೋತಿ ಯರ್ರಾಜಿನೂ ಯೂನಿವರ್ಸಿಟಿ ಮೀಟ್‌ಗಳಲ್ಲಿ ಬೆಳೆದವಳೇ. 2020ರ ಜನವರಿಲಿ ಮೂಡುಬಿದಿರೆಲಿ ನಡೆದ ಆಲ್ ಇಂಡಿಯಾ ಇಂಟರ್ ಯೂನಿವರ್ಸಿಟಿ ಮೀಟಲ್ಲಿ 13.03 ಓಡಿದಳು, ಆಗಿನ ರಾಷ್ಟ್ರೀಯ ದಾಖಲೆ ಅನುರಾಧಾ ಬಿಸ್ವಾಲ್ ಅವರ 13.38, 2002ರದ್ದು. ಅಷ್ಟು ದೊಡ್ಡ ವ್ಯತ್ಯಾಸದಲ್ಲಿ ಓಡಿದ್ರೂ ಡೋಪ್ ಟೆಸ್ಟ್ ಆಗಿಲ್ಲ ಅಂತ ದಾಖಲೆ ಅಂತ ಪರಿಗಣಿಸ್ಲಿಲ್ಲ. 2022ರಲ್ಲಿ ಇನ್ನೊಂದು ಸಲ 13.09 ಬಂತು, ಹಿಂದಿಂದ ಬೀಸೋ ಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ಮಿತಿ 2.0, ಮತ್ತೆ ಲೆಕ್ಕಕ್ಕಿಲ್ಲ. ಆ ಹುಡುಗಿ ಬಿಡ್ಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಸೈಪ್ರಸ್‌ನಲ್ಲಿ 13.23 ಓಡಿ ದಾಖಲೆ ಅಧಿಕೃತ ಮಾಡಿಸ್ಕೊಂಡಳು, ಅಕ್ಟೋಬರಿಗೆ 12.82, 2023ರಲ್ಲಿ ಚೆಂಗ್ಡು ವಿಶ್ವ ಯೂನಿವರ್ಸಿಟಿ ಗೇಮ್ಸಲ್ಲಿ 12.78ಕ್ಕೆ ಕಂಚು, ಪ್ಯಾರಿಸ್‌ಗೆ ಹೋಗಿ ಒಲಿಂಪಿಕ್ಸ್ 100 ಹರ್ಡಲ್ಸ್ ಓಡಿದ ಮೊದಲ ಭಾರತೀಯ ಮಹಿಳೆ ಆದಳು. ಇದರಲ್ಲಿ ನಿನ್ನಂಥ ಕಾಲೇಜು ಅಥ್ಲೀಟ್ ಗಮನಿಸ್ಬೇಕಾದ್ದು, ಎಲ್ಲಿ ಓಡ್ತೀಯ ಅನ್ನೋದೂ ಮುಖ್ಯ. ಎಲೆಕ್ಟ್ರಾನಿಕ್ ಟೈಮಿಂಗ್, ಗಾಳಿ ಅಳೆಯೋ ಮೀಟರ್, ಸರಿಯಾದ ಅಧಿಕಾರಿಗಳು ಇರೋ ಮೀಟನ್ನ ವರ್ಷಕ್ಕೆ ಮೂರ್ನಾಲ್ಕಾದ್ರೂ ಆರಿಸ್ಕೋ. ಸ್ಟಾಪ್‌ವಾಚ್‌ನಲ್ಲಿ ಬಂದ ಟೈಮ್ ಸಾಮಾನ್ಯವಾಗಿ ಇರೋದಕ್ಕಿಂತ ಚೆನ್ನಾಗೇ ಕಾಣತ್ತೆ, ಅದನ್ನೂ ಎಲೆಕ್ಟ್ರಾನಿಕ್ ಟೈಮನ್ನೂ ಹೋಲಿಸ್ಕೊಂಡು ಕೊರಗ್ಬೇಡ. ಒಂದ್ ವೇಳೆ ನಿನ್ನ ಸ್ಕೂಲಿನ 14.6 ಸ್ಟಾಪ್‌ವಾಚ್‌ದಾಗಿದ್ರೆ, ನೀನು ಅಂದ್ಕೊಂಡಷ್ಟು ಹಿಂದೆ ಬಿದ್ದೇ ಇಲ್ಲ.

ಹಾಗಂತ ಸುಳ್ಳು ಭರವಸೆ ಕೊಡಲ್ಲ. ಪ್ಯಾರಿಸ್ ಒಲಿಂಪಿಕ್ಸ್ ಎಂಟ್ರಿ ಸ್ಟಾಂಡರ್ಡ್ 12.77 ಇತ್ತು. 15.3ಕ್ಕೂ ಅದಕ್ಕೂ ಎರಡೂವರೆ ಸೆಕೆಂಡ್ ದೂರ, ಸ್ಪ್ರಿಂಟ್ ಹರ್ಡಲ್ಸಲ್ಲಿ ಅದು ಸಮುದ್ರ. 15.3ರಿಂದ 14.5 ತನಕ ಟೆಕ್ನಿಕ್ ತಿದ್ದಿದ್ರೆ ಬರ್ತೀಯ. 14.5ರಿಂದ 13.8ಕ್ಕೆ ಟೆಕ್ನಿಕ್ ಸಾಲಲ್ಲ, ಫ್ಲಾಟ್ 100 ಮೀಟರ್ ಸ್ಪೀಡ್ ಬೇಕು, ಬಲ ಬೇಕು, ಎರಡು ಒಳ್ಳೆ ಸೀಸನ್ ಇಂಜುರಿ ಇಲ್ದೆ ಬೇಕು. ಅದಕ್ಕೂ ಕೆಳಗೆ ಹೋಗೋಕೆ ಹುಟ್ಟಿಂದ ಬಂದ ವೇಗನೂ ಇರ್ಬೇಕು, ಅದನ್ನ ಯಾವ ಕೋಚೂ ತುಂಬಿಸಿ ಕೊಡೋಕಾಗಲ್ಲ. ನಿನ್ನ ಫ್ಲಾಟ್ 100 ಎಷ್ಟು ಅಂತ ನೀನು ಬರ್ದಿಲ್ಲ. ಅದು 12.5 ಹತ್ರ ಇದ್ರೆ ನಿನ್ನ ಹರ್ಡಲ್ಸ್ ಟೈಮಲ್ಲಿ ತುಂಬಾನೇ ಜಾಗ ಇದೆ. 13.5 ಆದ್ರೆ ಮೊದಲು ಓಟದ ಕೆಲಸ ಆಗ್ಬೇಕು, ಹರ್ಡಲ್ ಆಮೇಲೆ.

400 ಹರ್ಡಲ್ಸ್ ಬಗ್ಗೆ. ನಿಮ್ಮ ಕೋಚ್ ಹೇಳಿದ್ದು ತಪ್ಪಲ್ಲ, ಆದ್ರೆ ಯಾಕೆ ಹೇಳಿದ್ರು ಅಂತ ಕೇಳು. 100ರಲ್ಲಿ ಆಗ್ತಿಲ್ಲ ಅಂತ ಅಲ್ಲಿಗೆ ತಳ್ತಿದ್ರೆ ಒಪ್ಪಲ್ಲ ನಾನು. ಅಲ್ಲಿ ಹರ್ಡಲ್ 76.2 ಸೆಂ.ಮೀ., ನಿಂಗೆ ಅಭ್ಯಾಸ ಇರೋ ಎತ್ತರನೇ, ಮೊದಲನೇದು 45 ಮೀಟರಿಗೆ, ಮಧ್ಯೆ 35 ಮೀಟರ್, ಕೊನೇಲಿ 40. ಎತ್ತರ ನೋಡಿ ಸುಲಭ ಅಂದ್ಕೊಂಡು ಹೋದವರು ಏಳನೇ ಹರ್ಡಲ್ ಹತ್ರ ಕಾಲು ಎತ್ತೋಕಾಗ್ದೆ ನಿಂತಿರೋದನ್ನ ಬೇಕಾದಷ್ಟು ನೋಡಿದೀನಿ. ಟಾಪ್ ಓಟಗಾರ್ತಿಯರು 35 ಮೀಟರನ್ನ 14, 15 ಹೆಜ್ಜೆಲಿ ಮುಗಿಸ್ತಾರೆ, ಹೊಸಬರಿಗೆ 17, 19 ಆಗತ್ತೆ. ಸಮಸಂಖ್ಯೆ ಆದ್ರೆ ಲೀಡ್ ಕಾಲು ಬದಲಾಗತ್ತೆ, ಹಾಗಾಗಿ ಎರಡೂ ಕಾಲಲ್ಲಿ ದಾಟೋಕೆ ಬರೋಳಿಗೆ ಅಲ್ಲಿ ದೊಡ್ಡ ಲಾಭ. ನೋಡು, ನಾಲ್ಕು ಹೆಜ್ಜೆ ಕಷ್ಟದಲ್ಲಿ ನೀನು ಗೊತ್ತಿಲ್ದೆ ಬೇರೆ ಕಾಲಲ್ಲಿ ದಾಟ್ತಿದೀಯ, ಅದು ವೇಸ್ಟ್ ಆಗಲ್ಲ.

ಆ ರೇಸಿಗೆ ಬೇಕಾಗಿರೋದು 400 ಮೀಟರ್ ಸ್ಪೀಡ್ ಮತ್ತೆ ಕಾಲಲ್ಲಿ ಆಸಿಡ್ ತುಂಬ್ಕೊಂಡಾಗ್ಲೂ ಹೆಜ್ಜೆ ಲೆಕ್ಕ ತಪ್ಪದೆ ಇರೋ ತಲೆ. ಒಂದು 300 ಮೀಟರ್ ಫ್ಲಾಟ್, ಒಂದು 400 ಫ್ಲಾಟ್ ಟ್ರಯಲ್ ಓಡಿ ನೋಡು, ನಿನ್ನ ಟೀಮಿನ ಬೇರೆಯವರಿಗೆ ಹೋಲಿಸಿದ್ರೆ ದೂರ ಹೆಚ್ಚಾದಷ್ಟೂ ನೀನು ಮುಂದೆ ಬರ್ತೀಯಾ ಹಿಂದೆ ಬೀಳ್ತೀಯಾ ಅನ್ನೋದೇ ಉತ್ತರ. ಪಿ.ಟಿ. ಉಷಾ ಅವರು ಸ್ಪ್ರಿಂಟರ್, 400 ಹರ್ಡಲ್ಸ್‌ಗೆ ಬಂದಿದ್ದೇ ತಡವಾಗಿ, 1984ರ ಲಾಸ್ ಏಂಜಲೀಸಲ್ಲಿ 55.42, ನೂರನೇ ಒಂದು ಸೆಕೆಂಡಲ್ಲಿ ಕಂಚು ಹೋಯ್ತು. ಆ ಟೈಮನ್ನ ವಿತ್ಯಾ ರಾಮರಾಜ್ ಸರಿಗಟ್ಟಿದ್ದು 2023ರಲ್ಲಿ. ಅದೇ 1984ರ ರೇಸಲ್ಲಿ, ಹೆಂಗಸರಿಗೆ ಒಲಿಂಪಿಕ್ಸಲ್ಲಿ 400 ಹರ್ಡಲ್ಸ್ ಇಟ್ಟಿದ್ದೇ ಅದೇ ಮೊದಲು, 54.61ಕ್ಕೆ ಚಿನ್ನ ಗೆದ್ದ ಮೊರಾಕ್ಕೊದ ನವಲ್ ಎಲ್ ಮುತವಕ್ಕಿಲ್ ಆಗ ಅಯೋವಾ ಸ್ಟೇಟ್ ಯೂನಿವರ್ಸಿಟಿ ವಿದ್ಯಾರ್ಥಿನಿ. ಅದು ಸೋತವರು ಹೋಗೋ ರೇಸ್ ಅಲ್ಲಮ್ಮ. ಹೋಗೋದಾದ್ರೆ ಇಷ್ಟಪಟ್ಟು ಹೋಗು. ನನ್ನ ಸಲಹೆ, ಈ ಸೀಸನ್ ಪೂರ್ತಿ ಎರಡೂ ಇಟ್ಕೋ, 400ನ ಎರಡು ಮೂರು ಮೀಟಲ್ಲಿ ಓಡಿ ನೋಡು, ಆಫ್ ಸೀಸನ್ ಟ್ರೈನಿಂಗ್ ಹೆಚ್ಚು ಕಮ್ಮಿ ಎರಡಕ್ಕೂ ಆಗಿ ಬರತ್ತೆ. ಲಾಂಗ್ ಜಂಪ್, ಹೈ ಜಂಪ್ ಮಾಡೋ ಕಾಲು ನಿಂದಾಗಿದ್ರೆ ಏಳು ಇವೆಂಟ್ ಸೇರಿರೋ ಹೆಪ್ಟಾಥ್ಲಾನ್ ಬಗ್ಗೆನೂ ಕೇಳು, ಅದರ ಮೊದಲ ಇವೆಂಟೇ 100 ಹರ್ಡಲ್ಸ್.

ಇನ್ನು ಸುಸ್ತು ಮತ್ತೆ ಪೀರಿಯಡ್ಸ್. ಇದನ್ನ ದಯವಿಟ್ಟು ನಿಧಾನವಾಗಿ ಓದು. ಅಥ್ಲೀಟ್ಸ್‌ಗೆ ಪೀರಿಯಡ್ಸ್ ನಿಲ್ಲೋದು ಮಾಮೂಲಿ, ಚೆನ್ನಾಗಿ ಟ್ರೈನ್ ಆಗ್ತಿದೀಯ ಅಂತ ಅರ್ಥ, ಅಂತ ಯಾರಾದ್ರೂ ಹೇಳಿದ್ರೆ ನಂಬ್ಲೇಬೇಡ. ತುಂಬಾ ಸಲ ಅದರ ಅರ್ಥ ದೇಹಕ್ಕೆ ಖರ್ಚಿಗೆ ತಕ್ಕಷ್ಟು ಊಟ ಸಿಗ್ತಿಲ್ಲ ಅಂತ. ಊಟ ಕಮ್ಮಿ ಟ್ರೈನಿಂಗ್ ಜಾಸ್ತಿ ಆದಾಗ ದೇಹ ಮೊದಲು ಪೀರಿಯಡ್ಸ್ ನಿಲ್ಸತ್ತೆ, ಮೂಳೆ ಗಟ್ಟಿ ಮಾಡೋ ಕೆಲಸ ನಿಧಾನ ಮಾಡತ್ತೆ, ರಿಕವರಿ ನಿಲ್ಲತ್ತೆ. ಹರ್ಡಲರ್‌ಗೆ ಇದು ಡಬಲ್ ಅಪಾಯ, ಯಾಕಂದ್ರೆ ಪ್ರತಿ ಸಲ ಒಂದೇ ಕಾಲಲ್ಲಿ ಜೋರಾಗಿ ಇಳೀತೀಯ, ದುರ್ಬಲ ಮೂಳೆ ಮೇಲೆ ಅದು ಬಿದ್ರೆ ಮೊಣಕಾಲ ಕೆಳಗಿನ ಮೂಳೆಲೋ ಪಾದದಲ್ಲೋ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಭಾರ ಬಿದ್ದು ಬರೋ ಸಣ್ಣ ಬಿರುಕು) ಆಗಿ ಇಡೀ ಸೀಸನ್ ಹೋಗತ್ತೆ. ಮೂರು ತಿಂಗಳು ಪೀರಿಯಡ್ಸ್ ಆಗಿಲ್ಲ ಅಂದ್ರೆ ತಡ ಮಾಡೋ ಹಾಗೇ ಇಲ್ಲ, ಏರುಪೇರು ಇದ್ರೂ ತೋರಿಸ್ಬೇಕು. ಡಾಕ್ಟರ್ ಹತ್ರ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ತೋರ್ಸೋದು), ಥೈರಾಯ್ಡ್, ವಿಟಮಿನ್ ಡಿ ಟೆಸ್ಟ್ ಬೇಕಾ ಅಂತ ಕೇಳು. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ಪಾತಾಳದಲ್ಲಿರೋದು ಓಡೋ ಹುಡುಗೀರಲ್ಲಿ ಆಗ್ತಾನೇ ಇರತ್ತೆ. ಐರನ್ ಮಾತ್ರೆ ನೀನೇ ಶುರು ಮಾಡ್ಬೇಡ.

ಥೈರಾಯ್ಡ್ ಅಂದಿದ್ದಕ್ಕೂ ಕಾರಣ ಇದೆ. ಅಮೆರಿಕದ ಗೇಲ್ ಡೆವರ್ಸ್ 1988ರ ಹೊತ್ತಿಗೆ ಹರ್ಡಲ್ಸಲ್ಲಿ ಟಾಪಲ್ಲಿದ್ದವಳು, ಇದ್ದಕ್ಕಿದ್ದಂಗೆ ಕುಸಿದಳು, ಏನಾಗಿದೆ ಅಂತ ಗೊತ್ತಾಗೋಕೇ ಸುಮಾರು ಎರಡು ವರ್ಷ ಹಿಡೀತು, ಗ್ರೇವ್ಸ್ ಅನ್ನೋ ಥೈರಾಯ್ಡ್ ಕಾಯಿಲೆ. ಟ್ರೀಟ್‌ಮೆಂಟ್ ತಗೊಂಡು 1992ರಲ್ಲಿ ಬಾರ್ಸಿಲೋನಾಗೆ ಬಂದು 100 ಮೀಟರ್ ಚಿನ್ನ ಗೆದ್ದಳು. ಹರ್ಡಲ್ಸ್ ಫೈನಲಲ್ಲಿ ಮುಂದೆ ಇದ್ದವಳು ಹತ್ತನೇ ಹರ್ಡಲ್ ಹೊಡೆದು ಮುಗ್ಗರಿಸಿ ಐದನೇ ಸ್ಥಾನ, ಮಾರನೇ ವರ್ಷವೇ ಹರ್ಡಲ್ಸ್ ವಿಶ್ವ ಚಾಂಪಿಯನ್. ಅವಳ ಸುಸ್ತನ್ನ ಸೋಮಾರಿತನ ಅಂತ ತಳ್ಳಿ ಹಾಕಿ ಸುಮ್ಮನಿದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ನಿನ್ನ 15.3ರಲ್ಲಿ ಎಷ್ಟು ಭಾಗ ಹರ್ಡಲ್ ಎತ್ತರದ್ದು, ಎಷ್ಟು ಭಾಗ ಖಾಲಿ ದೇಹದ್ದು ಅಂತ ಟೆಸ್ಟ್ ಬಂದ್ಮೇಲೇ ಗೊತ್ತಾಗೋದು. ಕೋಚ್ ಗಂಡಸಾಗಿದ್ದು ಹೇಳೋಕೆ ಸಂಕೋಚ ಆದ್ರೆ ಡಾಕ್ಟರ್ ಚೀಟಿ ಕೊಟ್ಟು ಲೋಡ್ ಕಮ್ಮಿ ಮಾಡ್ಬೇಕಂತೆ ಸರ್ ಅಂದ್ರೆ ಸಾಕು, ವಿವರ ಹೇಳ್ಲೇಬೇಕು ಅಂತೇನಿಲ್ಲ.

ಮನೆಯವರ ಮಾತಿಗೆ ಸಿಟ್ಟು ಮಾಡ್ಕೋಬೇಡ. ಹೆತ್ತವರಿಗೆ ಕಾಣೋದು ನೀನು ಸುಸ್ತಾಗಿ ಬರೋದು, ಟೈಮ್ ಹಿಂದೆ ಹೋಗಿರೋದು, ಪರೀಕ್ಷೆ ಹತ್ರ ಬಂದಿರೋದು. ಓದು ಬಿಟ್ಟು ಓಡು ಅಂತ ನಾನು ಯಾವತ್ತೂ ಯಾರಿಗೂ ಹೇಳಲ್ಲ, ಕಾಲೇಜಿನ ನಂತರ ಹರ್ಡಲ್ಸಿಂದಾನೇ ಜೀವನ ಮಾಡೋರು ಯಾವ ದೇಶದಲ್ಲೂ ಬೆರಳೆಣಿಕೆ. ಹಾಗಂತ ಓದೋಕೆ ಓಟ ಬಿಡ್ಬೇಕು ಅನ್ನೋದೂ ನಿಜ ಅಲ್ಲ. ಮನೇಲಿ ಒಂದು ಒಪ್ಪಂದ ಮಾಡ್ಕೋ, ಮಾರ್ಕ್ಸ್ ಇಷ್ಟಕ್ಕಿಂತ ಕೆಳಗೆ ಬರಲ್ಲ ಅಂತ ನೀನು ಮಾತು ಕೊಡು, ಮುಂದಿನ ಸೀಸನ್ ಮುಗಿಯೋ ತನಕ ಬಿಡು ಅಂತ ಕೇಳಲ್ಲ ಅಂತ ಅವರು ಕೊಡ್ಲಿ. ಅಮ್ಮನ್ನ ಡಾಕ್ಟರ್ ಹತ್ರ ಜೊತೆಗೆ ಕರ್ಕೊಂಡು ಹೋದ್ರೆ ಅರ್ಧ ಮಾತು ಅಲ್ಲೇ ಮುಗಿಯತ್ತೆ.

ಮಾಡ್ಬೇಕಾದ್ದನ್ನ ಹೀಗೆ ಇಟ್ಕೋ. ಮೊದಲು ಟೆಸ್ಟ್, ರಿಪೋರ್ಟ್ ಬರೋ ತನಕ ಹಗುರವಾದ ಡ್ರಿಲ್ಸ್ ಮಾತ್ರ. ಡಾಕ್ಟರ್ ಸರಿ ಅಂದ್ಮೇಲೆ ಮೇಲೆ ಹೇಳಿದ ಹಾಗೆ ಹತ್ರ ಇಟ್ಟ ಹರ್ಡಲ್‌ಗಳ ಮೇಲೆ ಆರೆಂಟು ವಾರ ಕೆಲಸ. ಆಮೇಲೆ ಎಲೆಕ್ಟ್ರಾನಿಕ್ ಟೈಮಿಂಗ್ ಇರೋ ಒಂದು ಮೀಟಲ್ಲಿ ಓಡು, ಪಕ್ಕದಿಂದ ವಿಡಿಯೋ ಮಾಡ್ಸು. ಫಿನಿಶ್ ಟೈಮ್ ಜೊತೆ ಹತ್ತು ಟಚ್‌ಡೌನ್ ಟೈಮ್, ಫ್ಲಾಟ್ 100 ಮತ್ತೆ 400 ಟೈಮ್ ಬರ್ದು ನಂಗೆ ಕಳ್ಸು, ನಿಮ್ಮ ಕೋಚ್‌ಗೂ ಅದೇ ಹಾಳೆ ತೋರ್ಸು. ಯಾವ ರೇಸ್ ಇಟ್ಕೋಬೇಕು ಅನ್ನೋದನ್ನ ಆಗ ಕೂತು ಮಾತಾಡೋಣ.